ನಿರುದ್ಯೋಗಿಯೂ ಅವನ ಪತ್ನಿಯ ಸಂಬಳವೂ

ಹಾರನಹಳ್ಳಿಯ ಗೃಹಸ್ಥರೊಬ್ಬರು ಕಳೆದ ಸೋಮವಾರ ನಮ್ಮ ಕಛೇರಿಗೆ ಬಂದಿದ್ದರು. ಬೆಂಗಳೂರಿನ ಪೀಣ್ಯದಲ್ಲಿ ಎಂಟು ಜನ ಆಳುಗಳಿದ್ದ ಒಂದು ಲೇತ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಮಾಲೀಕರು ಬಾಗಿಲು ಹಾಕಿದ ಮೇಲೆ ಊರಿಗೆ ಹಿಂದಿರುಗಿದವರು. ತಿಂಗಳಿಗೆ 18,000 ರೂಪಾಯಿ ಬರುತ್ತಿದ್ದುದು ನಿಂತುಹೋಗಿದೆ. ಅವರ ಪತ್ನಿ ಊರಿನಲ್ಲಿಯೇ ಇದ್ದುಕೊಂಡು, ನಸುಕಿನಲ್ಲಿ ಬಸ್ಸು ಹತ್ತಿ, ಜನರು ಗಾರ್ಮೆಂಟ್ಸ್ ಎಂದು ಕರೆಯುವ ಉಡುಪಿನ ಕಾರ್ಖಾನೆಗೆ ಹೋಗಿ, ಹೊಲಿಗೆಯ ಯಂತ್ರದ ಮುಂದೆ ಕುಳಿತು ತಿಂಗಳಿಗೆ 12,500 ರೂಪಾಯಿ ತರುತ್ತಾರೆ. ಮನೆಯಲ್ಲಿ ವೃದ್ಧ ತಾಯಿ, ಓದುವ ಮಕ್ಕಳಿಬ್ಬರು, ಬಿಳಿನೊಣ ಹತ್ತಿ ಸೊರಗಿದ ಮೂವತ್ತು ತೆಂಗಿನ ಮರ. ಕೆಲಸವಿದ್ದ ಕಾಲದಲ್ಲಿ ಸರ್ಕಾರದ ಮುಂದೆ ಕೈಯೊಡ್ಡದಿದ್ದ ಈ ಗೃಹಸ್ಥರು ಈಗ ಬಿ.ಪಿ.ಎಲ್. ಕಾರ್ಡಿಗಾಗಿ ವಿಚಾರಿಸಲು ಹೋದರು. ಅಲ್ಲಿ ಅವರಿಗೆ ಬಂದ ಮೊದಲ ಪ್ರಶ್ನೆ, ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂಬುದು. ಎರಡನೆಯ ಪ್ರಶ್ನೆ ಬರಲಿಲ್ಲ. ಆಗುವುದಿಲ್ಲವೆಂಬ ಉತ್ತರವೇ ಬಂದಿತು.

“ಸ್ವಾಮಿ, ಕೆಲಸ ಹೋದದ್ದು ನನ್ನದು, ಅವರು ಕೇಳುವುದು ಅವಳ ಸಂಬಳದ ಚೀಟಿ. ಅವಳು ಬಿಟ್ಟು ಮನೆಯಲ್ಲಿ ಕೂತರೆ ಕಾರ್ಡು ಸಿಕ್ಕೀತು ಎಂದು ಅಲ್ಲಿಯೇ ಒಬ್ಬರು ಹೇಳಿದರು. ಬಿಡಿಸಲೋ?” ಎಂದು ಅವರು ನಮ್ಮನ್ನು ಕೇಳಿದರು.

ಬಿಡಿಸಬೇಡಿರೆಂದು ನಾವು ಕೂಡಲೇ ಹೇಳಿದೆವು. ಆದರೆ ಏಕೆ ಬಿಡಿಸಬಾರದೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲು ಹೊರಟಾಗ, ಮಾತು ನಾವೆಣಿಸಿದಷ್ಟು ಸುಲಭವಾಗಲಿಲ್ಲ. ಆ ತಾಯಿ ಕೆಲಸವನ್ನು ಪೂರ್ತಿ ಬಿಡಬೇಕಾಗಿಲ್ಲ. 12,500ರ ಕೆಲಸವನ್ನು ಬಿಟ್ಟು ಹತ್ತಿರದಲ್ಲೆಲ್ಲಾದರೂ 9,900ರ ಕೆಲಸಕ್ಕೆ ಸೇರಿದರೆ ಸಾಕು. ವರ್ಷದ ವರಮಾನ 1,18,800ಕ್ಕೆ ಇಳಿದು ಮನೆಯು ಬಡವರ ಪಟ್ಟಿಯೊಳಗೆ ಬರುತ್ತದೆ. ತಿಂಗಳಿಗೆ 2,600 ರೂಪಾಯಿ ನಷ್ಟ. ಅದಕ್ಕೆ ಪ್ರತಿಯಾಗಿ ಐದು ಜನಕ್ಕೆ ಪಡಿತರದ ಅಕ್ಕಿ, ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ಚಿಕಿತ್ಸೆ. ಕಾರ್ಡಿಲ್ಲದವರಿಗೆ ಅದೇ ಆರೋಗ್ಯ ಯೋಜನೆಯಲ್ಲಿ ವೆಚ್ಚದ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷ ಮೀರದಂತೆ. ಮನೆಯಲ್ಲಿ ವೃದ್ಧೆಯೊಬ್ಬರು ಇರುವಾಗ ಯಾವ ಗೃಹಸ್ಥನು ತಾನೆ ಈ ಲೆಕ್ಕವನ್ನು ತಳ್ಳಿಹಾಕಿಯಾನು? ಹೆಚ್ಚು ದುಡಿಯುವವಳಿಗೆ ಕಡಿಮೆ ದುಡಿ ಎಂದು ಬುದ್ಧಿ ಹೇಳತಕ್ಕ ನಿಯಮವೊಂದು ನಮ್ಮ ರಾಜ್ಯದಲ್ಲಿ ಬೇರೂರಿ ನಿಂತಿರುವುದು ಶೋಚನೀಯವಾದ ಸಂಗತಿ.

ಈ ಗೆರೆಯಾದರೂ ಎಂಥದೆಂಬುದನ್ನು ವಾಚಕರು ನೋಡಬೇಕು. 2024ರಲ್ಲಿ ಕಾರ್ಡುಗಳ ಪರಿಶೀಲನೆಯ ಗಲಾಟೆಯೆದ್ದಾಗ ಜಾರಿಯಲ್ಲಿದ್ದ ಮಿತಿಯು ಕುಟುಂಬವೊಂದಕ್ಕೆ ವರ್ಷಕ್ಕೆ 1,20,000 ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ. ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ಸರ್ಕಾರದವರೇ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಆ ದರದಲ್ಲಿ ಗಂಡನೂ ಹೆಂಡತಿಯೂ ತಲೆಗೆ 163 ದಿನ ಎಲ್ಲಿಯಾದರೂ ಕೂಲಿ ಮಾಡಿದರೆ 1,20,620 ರೂಪಾಯಿಯಾಗುತ್ತದೆ. ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ದಿನ ಗುದ್ದಲಿ ಹಿಡಿದ ದಂಪತಿಗಳು ಇಬ್ಬರೂ ಸರ್ಕಾರದ ದೃಷ್ಟಿಯಲ್ಲಿ ಬಡವರಲ್ಲವೆಂದಾಯಿತು! ಇನ್ನು ನಮ್ಮ ಹಾರನಹಳ್ಳಿಯ ಮನೆ: ಅದರ ವರಮಾನ ತಿಂಗಳಿಗೆ 30,500 ಇದ್ದದ್ದು 12,500ಕ್ಕೆ ಇಳಿಯಿತು. ಮನೆಯೊಳಗೆ ಇದೊಂದು ಭೂಕಂಪ. ನಿಯಮದ ಕಣ್ಣಿಗೆ ಅಂದಿಗೂ ಇಂದಿಗೂ ವ್ಯತ್ಯಾಸವೇ ಇಲ್ಲ, ಏಕೆಂದರೆ ಎರಡು ಮೊತ್ತಗಳೂ ಗೆರೆಯ ಮೇಲಿವೆ.

2024ರ ನವೆಂಬರಿನಲ್ಲಿ ಕಾರ್ಡುಗಳು ರದ್ದಾಗತೊಡಗಿ ಜನರು ಕೂಗೆಬ್ಬಿಸಿದಾಗ, ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಕೊಡುವವರನ್ನೂ ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿ ಕೊಡಬೇಕೆಂದು ಮುಖ್ಯಮಂತ್ರಿಗಳು ಅಪ್ಪಣೆ ಮಾಡಿದರು. ಅದು ಸರಿಯಾದ ಅಪ್ಪಣೆ. ಆದರೆ ಕಾರ್ಡು ಇದ್ದವರಿಗೆ ಉಳಿದುಕೊಂಡಿತೇ ಹೊರತು, ಹೊಸದಾಗಿ ಸಂಕಟಕ್ಕೆ ಬಿದ್ದವನ ಪ್ರಶ್ನೆ ಹಾಗೆಯೇ ನಿಂತಿತು.

ಬಡತನದ ಗೆರೆಯನ್ನು ಎತ್ತರಿಸಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಕೆಲವು ಮಿತ್ರರು ಹೇಳುತ್ತಾರೆ. ಎತ್ತರಿಸಬೇಕಾದದ್ದು ನಿಜ. ಆದರೆ ರೋಗದ ಮೂಲವು ಗೆರೆಯಲ್ಲಿಲ್ಲ, ಅಳತೆಗೋಲಿನಲ್ಲಿದೆ. ಕೆಲಸ ಕಳೆದುಕೊಳ್ಳುವವನು ಒಬ್ಬ ಮನುಷ್ಯ; ಅಳೆಯುವುದು ಮಾತ್ರ ಇಡೀ ಒಲೆಯನ್ನು. ಗ್ರಾಮಾಂತರ ಉದ್ಯೋಗ ಖಾತರಿಗೆಂದು 2005ರಲ್ಲಿ ಆದ ಕಾಯಿದೆಯನ್ನು ತೆಗೆದು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ನಿರುದ್ಯೋಗ ಭತ್ಯೆಯೆಂಬ ಮಾತನ್ನು ಹಳ್ಳಿಯ ಕೂಲಿಕಾರನ ಹಕ್ಕಾಗಿ ಬರೆದುಕೊಟ್ಟ ದೊಡ್ಡ ಶಾಸನ ಅದು, ಅದಕ್ಕಾಗಿ ಅದನ್ನು ರಚಿಸಿದವರಿಗೆ ನಾವು ಕೃತಜ್ಞರು. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆಯೂ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಭತ್ಯೆ ಕೊಡತಕ್ಕದ್ದೆಂದು ಅದರಲ್ಲಿ ವಿಧಿಸಿತ್ತು. ಆದರೆ ವರ್ಷದ 100 ದಿನಗಳ ಕೆಲಸವು ಆಳಿಗಲ್ಲ, ಕುಟುಂಬಕ್ಕೆ. ಮನೆಯ ವಯಸ್ಕರೆಲ್ಲ ಸೇರಿ 100 ದಿನ ಕೆಲಸ ಪಡೆದರೆ, ಇಲ್ಲವೆ ಕೂಲಿಯೂ ಭತ್ಯೆಯೂ ಕೂಡಿ 100 ದಿನದ ಕೂಲಿಯ ಮೊತ್ತವನ್ನು ಮುಟ್ಟಿದರೆ, ಸರ್ಕಾರದ ಹೊಣೆ ಅಲ್ಲಿಗೆ ಮುಗಿಯಿತು. ಹೆಂಡತಿ ಕೆರೆಯ ಹೂಳೆತ್ತಲು 100 ದಿನ ಹೋಗಿದ್ದರೆ, ಅದೇ ವರ್ಷ ಊರಿಗೆ ಬಂದು ಕೆಲಸ ಕೇಳಿದ ಗಂಡನಿಗೆ ಕೆಲಸವೂ ಇಲ್ಲ, ಭತ್ಯೆಯೂ ಇಲ್ಲ. ಕುಟುಂಬವೆಂದರೆ ರಕ್ತ, ವಿವಾಹ ಅಥವಾ ದತ್ತಿನಿಂದ ಸಂಬಂಧಿಗಳಾಗಿದ್ದು, ಒಟ್ಟಿಗೆ ವಾಸಿಸಿ, ಒಟ್ಟಿಗೆ ಉಣ್ಣುವವರು, ಅಥವಾ ಒಂದೇ ಪಡಿತರ ಚೀಟಿಯುಳ್ಳವರು ಎಂಬುದು ಆ ಕಾಯಿದೆಯ ಅರ್ಥ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆಂದು ಅಂಗೀಕರಿಸಿದ ಹೊಸ ಶಾಸನವು 100ನ್ನು 125 ಮಾಡಿತು. ಒಲೆಯ ಅಳತೆಯನ್ನು ಮುಟ್ಟಲಿಲ್ಲ.

ಒಟ್ಟಿಗೆ ಉಂಡದ್ದೇ ಅಪರಾಧವಾದರೆ ಜನರು ಏನು ಮಾಡುತ್ತಾರೆ? ಬೇರೆ ಉಣ್ಣುವಂತೆ ತೋರಿಸಿಕೊಳ್ಳುತ್ತಾರೆ. ಅಣ್ಣತಮ್ಮಂದಿರು, ತಂದೆಮಕ್ಕಳು ಒಂದೇ ಹಜಾರದಲ್ಲಿ ಮಲಗಿ ಎರಡು ಕಾರ್ಡು ಮಾಡಿಸಿಕೊಂಡಿರುವುದನ್ನು ಅರಸೀಕೆರೆ ತಾಲ್ಲೂಕಿನಲ್ಲಿ ನೋಡದವರು ಯಾರು? ಇದನ್ನು ಮೋಸವೆಂದು ಬೈಯುವುದು ಸುಲಭ. ಆದರೆ ಗಂಡಹೆಂಡಿರು ಆ ದಾರಿಯನ್ನೂ ಹಿಡಿಯಲಾರರು. ಅವರ ಪಾಲಿಗೆ ಉಳಿಯುವುದು ಹಾರನಹಳ್ಳಿಯ ಗೃಹಸ್ಥರಿಗೆ ಸೂಚಿಸಿದ ದಾರಿಯೊಂದೇ.

ವಿಚಿತ್ರವೆಂದರೆ, ತೆಗೆದುಕೊಳ್ಳುವಾಗ ಸರ್ಕಾರವು ಹೀಗೆ ನೋಡುವುದಿಲ್ಲ. ಸಂಬಳದ ಮೇಲಿನ ಆದಾಯ ತೆರಿಗೆಯ ವಿಷಯದಲ್ಲಿ ಗಂಡನು ಬೇರೆ, ಹೆಂಡತಿ ಬೇರೆ. ತೆರಿಗೆಗೆ ಒಳಪಡುವ ಸಂಬಳವುಳ್ಳ ಒಬ್ಬ ಉಪಾಧ್ಯಾಯಿನಿಯು, ನನ್ನ ಯಜಮಾನರಿಗೆ ಕೆಲಸ ಹೋಗಿದೆ, ಮನೆಯ ಭಾರವೆಲ್ಲ ನನ್ನ ಮೇಲೆಯೇ ಬಿದ್ದಿದೆ, ಆದಕಾರಣ ತೆರಿಗೆಯಲ್ಲಿ ಸ್ವಲ್ಪ ಬಿಡಿ ಎಂದು ಕೇಳಿದರೆ, ಅದಕ್ಕೆ ಶಾಸನದಲ್ಲಿ ಎಡೆಯಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಸ್ತ್ರೀಯು ತನ್ನ ಕೌಶಲದಿಂದಲೂ ಶ್ರಮದಿಂದಲೂ ಗಳಿಸಿದ್ದಕ್ಕೆ ಅವಳೇ ಪೂರ್ಣ ಒಡತಿಯೆಂದು ಸಾರಿದೆ. ತೆರಿಗೆಗೆ ಇಬ್ಬರು, ಆಸ್ತಿಗೆ ಇಬ್ಬರು, ಸಹಾಯಕ್ಕೆ ಮಾತ್ರ ಒಬ್ಬರು! ಪಾಠಶಾಲೆಯಲ್ಲಿ ನಮ್ಮ ಗುರುಗಳು ಇಂಥದಕ್ಕೆ ಅರ್ಧಜರತೀಯ ನ್ಯಾಯವೆಂದು ಹೆಸರು ಹೇಳುತ್ತಿದ್ದರು: ಮುದುಕಿಯ ಅರ್ಧ ಬೇಕು, ಉಳಿದರ್ಧ ಬೇಡ ಎಂದಂತೆ. ಆಗ ನಾವು ನಗುತ್ತಿದ್ದೆವು.

ಈ ಅಳತೆಗೋಲು ನಮ್ಮ ನೆಲದಲ್ಲಿ ಮಾತ್ರ ಹುಟ್ಟಿದ್ದಲ್ಲ. ಇದರ ಚರಿತ್ರೆಯನ್ನು ತಿಳಿಯಬೇಕಾದರೆ, ನಮ್ಮನ್ನು ಆಳುತ್ತಿದ್ದವರು ತಮ್ಮ ಸ್ವದೇಶದಲ್ಲಿ ತಮ್ಮ ಬಡವರಿಗೆ ಏನು ಮಾಡಿದರೆಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ 1911ರಲ್ಲಿಯೇ ನಿರುದ್ಯೋಗ ವಿಮೆಯ ಕಾಯಿದೆಯಾಯಿತು. ಕೆಲಸಗಾರನು ವಂತಿಗೆ ಕಟ್ಟಿ, ಕೆಲಸ ಹೋದಾಗ ತನ್ನ ಹಕ್ಕಿನ ಹಣವನ್ನು ಪಡೆಯುತ್ತಿದ್ದನು. 1931ರಲ್ಲಿ ಬೊಕ್ಕಸಕ್ಕೆ ಮುಗ್ಗಟ್ಟು ಬಂದಿತು. ಆಗ ವಿಮೆಯ ಹಣವನ್ನು 26 ವಾರಕ್ಕೆ ಮಿತಿಗೊಳಿಸಿ, ಆಮೇಲೆ ಬೇಡುವವನ ಇಡೀ ಮನೆಯ ವರಮಾನವನ್ನು ಶೋಧಿಸಬೇಕೆಂದು ಆ ವರ್ಷದ ನವೆಂಬರಿನಿಂದ ಕಟ್ಟಳೆ ಮಾಡಿದರು. ಅಧಿಕಾರಿಗಳು ಅಡಿಗೆಮನೆಗೂ ನುಗ್ಗಿ ಕುರ್ಚಿಮೇಜುಗಳನ್ನು ಎಣಿಸಿದರು. ಮಗನ ಕೂಲಿ, ಮಗಳ ಕೂಲಿ, ಎಲ್ಲವನ್ನೂ ತಂದೆಯ ಭತ್ಯೆಯಿಂದ ಕಳೆದರು. ದುಡಿಯುವ ಮಕ್ಕಳು ತಂದೆಯ ಅನ್ನಕ್ಕೆ ತಾವು ಅಡ್ಡಿಯಾಗಬಾರದೆಂದು ಮನೆ ಬಿಟ್ಟು ಬೇರೆಡೆ ಬಾಡಿಗೆಗೆ ಹೋದರು. ಅದೇ ವರ್ಷದ ಇನ್ನೊಂದು ಶಾಸನದಿಂದ ಮದುವೆಯಾದ ಹೆಂಗಸರನೇಕರಿಗೆ, ತಾವೇ ವಂತಿಗೆ ಕಟ್ಟಿದ್ದರೂ, ಭತ್ಯೆ ತಪ್ಪಿತು. 1932ರಲ್ಲಿ ನಿರುದ್ಯೋಗಿಗಳು ಕಾಲ್ನಡಿಗೆಯಲ್ಲಿ ಲಂಡನ್ನಿಗೆ ಹತ್ತು ಲಕ್ಷ ರುಜುಗಳ ಅರ್ಜಿಯನ್ನು ಹೊತ್ತು ಹೋದರು; ಪೋಲೀಸರು ಅರ್ಜಿಯನ್ನೇ ಕಸಿದುಕೊಂಡರು. ಕೊನೆಗೆ 1941ರಲ್ಲಿ, ಯುದ್ಧದ ನಡುವೆ, ಮನೆಯನ್ನೆಲ್ಲ ಅಳೆಯುವ ಆ ಪದ್ಧತಿಯನ್ನು ಪಾರ್ಲಿಮೆಂಟು ತೆಗೆದುಹಾಕಿತು. ಮಗನ ಸಂಬಳ, ಮಗಳ ಸಂಬಳ ಲೆಕ್ಕದಿಂದ ಬಿಟ್ಟವು. ಗಂಡಹೆಂಡಿರನ್ನು ಮಾತ್ರ ಒಟ್ಟಿಗೆ ಎಣಿಸುವ ರೂಢಿ ಅಲ್ಲಿ ಉಳಿದೇ ಉಳಿಯಿತು.

ಅದೇ 1931ರ ಮಾರ್ಚಿಯಲ್ಲಿ, ಇಂಗ್ಲೆಂಡಿನಲ್ಲಿ ಈ ಶೋಧನೆ ಆರಂಭವಾಗುವುದಕ್ಕೆ ಎಂಟು ತಿಂಗಳ ಮೊದಲು, ಕರಾಚಿಯಲ್ಲಿ ಸೇರಿದ ನಮ್ಮ ರಾಷ್ಟ್ರೀಯ ಮಹಾಸಭೆಯು ಏನನ್ನು ನಿರ್ಣಯಿಸಿತು? ಸ್ವರಾಜ್ಯ ಬಂದ ಮೇಲೆ ಕೆಲಸಗಾರನಿಗೆ ಮುಪ್ಪು, ರೋಗ, ನಿರುದ್ಯೋಗಗಳ ಆರ್ಥಿಕ ದುಷ್ಪರಿಣಾಮದಿಂದ ರಕ್ಷಣೆ ದೊರೆಯತಕ್ಕದ್ದೆಂದು. ಆ ಮಾತಿನ ಸಾರವೇ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 41ನೆಯ ಅನುಚ್ಛೇದದಲ್ಲಿಯೂ ಇದೆ; ರಾಜ್ಯದ ಆರ್ಥಿಕ ಶಕ್ತಿಯ ಮೇರೆಯೊಳಗೆ ಎಂಬ ಎಚ್ಚರಿಕೆಯ ಮಾತು ಅಲ್ಲಿ ಸೇರಿದೆ, ಅದು ಯುಕ್ತವೇ. ನಮ್ಮ ಹಿರಿಯರು ರಕ್ಷಣೆಯ ಭರವಸೆ ಕೊಟ್ಟದ್ದು ಕೆಲಸಗಾರನಿಗೆ. ನಾವು ಆಚರಣೆಗೆ ತಂದದ್ದು ಆಳರಸರು ತಮ್ಮ ದೇಶದಲ್ಲಿ ಹಿಡಿದು, ಹತ್ತು ವರ್ಷ ಬೈಸಿಕೊಂಡು, ಕೈಬಿಟ್ಟ ಒಲೆಯ ಲೆಕ್ಕವನ್ನು.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಈಗ ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಕ್ಕೆ ದಂಪತಿಗಳು ಜಂಟಿಯಾಗಿಯೇ ಅರ್ಜಿ ಹಾಕಬೇಕು. ಒಬ್ಬರಿಗೆ ಕೆಲಸ ಹೋಗಿ ಇನ್ನೊಬ್ಬರು ದುಡಿಯುತ್ತಿದ್ದರೆ, ದುಡಿದು ಮನೆಗೆ ತಂದ ಪ್ರತಿ ಪೌಂಡಿಗೆ 55 ಪೆನ್ಸನ್ನು ಸಹಾಯದಿಂದ ಕಳೆಯುತ್ತಾರೆ; ಮಕ್ಕಳಿದ್ದವರಿಗೆ ಮೊದಲ ಸ್ವಲ್ಪ ಸಂಪಾದನೆಯನ್ನು ಬಿಡುವುದುಂಟು. 2021ರವರೆಗೆ 63 ಪೆನ್ಸು ಕಳೆಯುತ್ತಿದ್ದರು. ಉಳಿತಾಯ 16,000 ಪೌಂಡು ಮೀರಿದ್ದರೆ ಏನೂ ಇಲ್ಲ. ನೆಲೆಸುವ ಹಕ್ಕು ಇನ್ನೂ ದೊರೆಯದೆ ವೀಸಾದ ಮೇಲೆ ಇರುವ ನಮ್ಮ ಹುಡುಗರಿಗೆ ಸಾಮಾನ್ಯವಾಗಿ ಈ ಸಹಾಯದ ಬಾಗಿಲೇ ಮುಚ್ಚಿದೆ. ಇಷ್ಟರಲ್ಲಿಯೂ ಎರಡು ಸಂಗತಿಗಳನ್ನು ನಾವು ಗಮನಿಸತಕ್ಕದ್ದು. ಒಂದು, ಗೆರೆ ದಾಟಿದ ಕೂಡಲೇ ಎಲ್ಲವೂ ಹೋಗುವುದಿಲ್ಲ, ಇಳಿಜಾರಿನಂತೆ ಕಡಿಮೆಯಾಗುತ್ತದೆ. ನಮ್ಮ ಕಾರ್ಡಾದರೋ ಬಾವಿಯ ಅಂಚು, ಒಂದು ಹೆಜ್ಜೆ ಹೆಚ್ಚಾದರೆ ತಳಕ್ಕೆ. ಇನ್ನೊಂದು, ವಂತಿಗೆ ಕಟ್ಟಿದವನಿಗೆ ಆರು ತಿಂಗಳವರೆಗೆ ಕೊಡುವ ಬೇರೊಂದು ಭತ್ಯೆಯುಂಟು, ಅದರಲ್ಲಿ ಗಂಡನ ಅಥವಾ ಹೆಂಡತಿಯ ಸಂಬಳದ ಮಾತೇ ಇಲ್ಲ.

ಆಳನ್ನೇ ಅಳೆಯುವುದು ನಮ್ಮಲ್ಲಿ ಅಸಾಧ್ಯವೆಂದು ಯಾರೂ ಹೇಳಬಾರದು, ಈಗಾಗಲೇ ಮಾಡಿ ತೋರಿಸಿದ್ದೇವೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಂಚಲು ಆರಂಭಿಸಿದ ಯುವನಿಧಿಯಲ್ಲಿ ಕೆಲಸವಿಲ್ಲದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500, ಎರಡು ವರ್ಷ ಮೀರದಂತೆ. ಹೆಂಡತಿಗೆ ಸಂಬಳವೆಷ್ಟು ಎಂದು ಅಲ್ಲಿ ಕೇಳಲಿಲ್ಲ. ಅದೇ ಸರ್ಕಾರದ ಗೃಹಲಕ್ಷ್ಮಿಯಲ್ಲಿ, 2,000 ರೂಪಾಯಿ ಹೆಂಗಸಿನ ಹೆಸರಿಗೆ ಬಂದರೂ, ಅವಳ ಗಂಡನು ಆದಾಯ ತೆರಿಗೆ ಕಟ್ಟಿದರೆ ಅಥವಾ ಜಿ.ಎಸ್.ಟಿ. ಲೆಕ್ಕ ಸಲ್ಲಿಸಿದರೆ ಅದು ಇಲ್ಲ. ಹೊಸ ಪದವೀಧರನು ಸ್ವತಂತ್ರ ವ್ಯಕ್ತಿ, ಗೃಹಿಣಿಯು ಗಂಡನ ನೆರಳು, ಹದಿನಾಲ್ಕು ವರ್ಷ ಲೇತ್ ತಿರುಗಿಸಿದವನು ಏನೂ ಅಲ್ಲ! ಇ.ಎಸ್.ಐ.ನವರು 2018ರಲ್ಲಿ ತಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯೂ ವ್ಯಕ್ತಿಯನ್ನೇ ನೋಡಿತು: ಕೆಲಸ ಹೋದ ವಿಮಾದಾರನಿಗೆ ಸರಾಸರಿ ಸಂಪಾದನೆಯ ಶೇಕಡಾ 25, 2020ರ ಮಹಾಮಾರಿಯಲ್ಲಿ ಶೇಕಡಾ 50, ಒಟ್ಟು 90 ದಿನ. ಆದರೆ ಇ.ಎಸ್.ಐ.ಯು ಸಾಮಾನ್ಯವಾಗಿ ಹತ್ತು ಜನಕ್ಕೆ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ. ನಮ್ಮ ಗೃಹಸ್ಥರಿದ್ದಲ್ಲಿ ಎಂಟೇ ಜನ.

ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಪಂಡಿತರಿಗಿಂತ ಚೆನ್ನಾಗಿ ತಿಳಿದವರು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕೆಂಬ ನಿಯಮ ಬರಲಿದ್ದಾಗ ಬೆಂಗಳೂರಿನ ಬೀದಿಗಳನ್ನು ತುಂಬಿದವರು ಗಾರ್ಮೆಂಟ್ಸಿನ ಹೆಂಗಸರು. ಎರಡು ದಿನದೊಳಗೆ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಹೋದ ದಿನ ತನ್ನದೆಂದು ಹೇಳಿಕೊಳ್ಳಲು, ಯಾರ ಸಂಬಳದ ಚೀಟಿಯನ್ನೂ ತೋರಿಸದೆ ಪಡೆಯಲು, ಅವರಿಗಿದ್ದುದು ಅದೊಂದೇ ಗಂಟು. ಇನ್ನು ಅವರಲ್ಲೊಬ್ಬಳಿಗೆ ಕೆಲಸ ಹೋಗಿ ಗಂಡನಿಗೆ ಕೆಲಸವಿದ್ದರೆ ಅವಳನ್ನು ನಿರುದ್ಯೋಗಿಯೆಂದು ಕರೆಯುವವರೂ ಇಲ್ಲ, “ಮನೆಯಲ್ಲಿದ್ದಾಳೆ” ಎಂದುಬಿಡುತ್ತಾರೆ.

ಇದಕ್ಕೆ ಎದುರಾಗಿ ಒಂದು ಮಾತುಂಟು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೆಂಡತಿ ಲಕ್ಷ ರೂಪಾಯಿ ಸಂಬಳದ ಅಧಿಕಾರಿಣಿಯಾಗಿದ್ದು, ಗಂಡನು ಕೆಲಸ ಬಿಟ್ಟು ಮನೆಯಲ್ಲಿದ್ದರೆ ಅವನಿಗೂ ಬೊಕ್ಕಸದಿಂದ ಅಕ್ಕಿ ಕೊಡಬೇಕೆ? ಪ್ರಜೆಗಳ ದ್ರವ್ಯವು ಬರಿಗೈಯವನಿಗೆ ಮೊದಲು ಸಲ್ಲಬೇಡವೆ? ಸಲ್ಲಬೇಕು. ದಂಪತಿಗಳು ಒಬ್ಬರನ್ನೊಬ್ಬರು ಪೋಷಿಸುವುದು ಧರ್ಮವೆಂಬುದರಲ್ಲಿಯೂ ನಮಗೆ ಸಂಶಯವಿಲ್ಲ; ಹಾರನಹಳ್ಳಿಯ ಆ ತಾಯಿ ಅದನ್ನು ದಿನವೂ ಮಾಡುತ್ತಿದ್ದಾರೆ. ಆದರೆ ಧರ್ಮದಿಂದ ಪೋಷಿಸುವವಳನ್ನು ನೋಡಿ, ಹೇಗೂ ಇವಳಿದ್ದಾಳೆಂದು ರಾಜ್ಯವು ತನ್ನ ಹೊಣೆಯನ್ನು ಅವಳ ತಲೆಯ ಮೇಲೆ ಇಳಿಸುವುದು ಬೇರೆ ಮಾತು. ಅಧಿಕಾರಿಣಿಯ ಮನೆಯನ್ನು ಹೊರಗಿಡಲು ಆದಾಯ ತೆರಿಗೆಯೆಂಬ ಜರಡಿ ಸಾಕು, ಹೊಲಿಗೆಯವಳ ಸಂಬಳದ ಚೀಟಿ ಬೇಕಾಗಿಲ್ಲ. ಕೆಲಸ ಕಳೆದುಕೊಂಡ ಗಂಡಸು ಹೆಂಡತಿಯ ದುಡಿಮೆಯಲ್ಲಿ ಕೂತು ತಿನ್ನುತ್ತಾನೆಂದು ಕಟ್ಟೆಯ ಮೇಲಿನವರು ಆಡಿಕೊಳ್ಳುವುದನ್ನು ನಾವು ಬಲ್ಲೆವು. ಕಟ್ಟೆಯ ಮಾತನ್ನು ಸರ್ಕಾರದವರು ನಮೂನೆಯಲ್ಲಿ ಅಚ್ಚುಹಾಕಿಸಬೇಕಾಗಿಲ್ಲ.

ಆದುದರಿಂದ ರಾಜ್ಯ ಸರ್ಕಾರದವರನ್ನು ನಾವು ಕೇಳುವುದಿಷ್ಟು. ಕೆಲಸ ಹೋಯಿತೆಂದು ಮಾಲೀಕನ ಪತ್ರದಿಂದಾಗಲಿ, ಭವಿಷ್ಯನಿಧಿಯ ಲೆಕ್ಕದಿಂದಾಗಲಿ, ಇವೆರಡೂ ಇಲ್ಲದ ಚಿಕ್ಕ ಕಾರ್ಖಾನೆಯವನಿಗೆ ಪಂಚಾಯತಿಯ ದೃಢೀಕರಣದಿಂದಾಗಲಿ ರುಜುವಾತಾದ ದಿನದಿಂದ ಆರು ತಿಂಗಳು, ಆದಾಯ ತೆರಿಗೆ ಕಟ್ಟದ ಮನೆಯಲ್ಲಿ ಪತಿಯ ಅಥವಾ ಪತ್ನಿಯ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ ಆದ್ಯತಾ ಕಾರ್ಡನ್ನು ಕೊಡಲಿ. ಆರು ತಿಂಗಳ ಮೇಲೆ ಲೆಕ್ಕ ಹಿಡಿಯುವುದಾದರೂ ದುಡಿಯುವವರ ಸಂಬಳದ ಅರ್ಧವನ್ನು ಬಿಟ್ಟು ಹಿಡಿಯಲಿ. ಹಾಗಾದರೆ 12,500ರ ಸಂಬಳ 6,250 ಎಂದಾಗುತ್ತದೆ, ಹೊಲಿಗೆಯವಳು ಹೆಚ್ಚು ಹೊಲಿದದ್ದಕ್ಕೆ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆಯಿರುವ ಕಾರ್ಖಾನೆಗಳ ಆಳುಗಳಿಗೂ ವಂತಿಗೆಯ ವಿಮೆಯನ್ನು ಹಬ್ಬಿಸುವುದು ದೆಹಲಿಯ ಕೆಲಸ. ಉದ್ಯೋಗ ಖಾತರಿಯ ದಿನಗಳನ್ನು ಒಲೆಯ ಬದಲು ಆಳಿಗೆ ಎಣಿಸುವುದೂ ಅಲ್ಲಿಯದೇ. ಹಾಸನದ ಲೋಕಸಭಾ ಸದಸ್ಯರು ಈ ಎರಡನ್ನೂ ಅಲ್ಲಿ ಎತ್ತಲಿ; ಕಾರ್ಡಿನ ವಿಷಯವನ್ನು ಅರಸೀಕೆರೆಯ ಶಾಸಕರು ಮುಂದಿನ ಅಧಿವೇಶನದಲ್ಲಿಯೇ ಕೇಳಬಹುದು. ಅವರ ಉತ್ತರಗಳಿಗೆ ಈ ಪುಟದಲ್ಲಿ ಸ್ಥಳವನ್ನು ಕಾದಿರಿಸಿದ್ದೇವೆ.

ಆ ಗೃಹಸ್ಥರಿಗೆ ತಹಶೀಲ್ದಾರರ ಹೆಸರಿಗೆ ಒಂದು ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ಅದರಲ್ಲಿ ಹೆಂಡತಿಯ ಸಂಬಳವನ್ನು ಮುಚ್ಚಿಡಲಿಲ್ಲ, 12,500 ಎಂದೇ ಬರೆದಿದ್ದೇವೆ. ಅದರ ಕೆಳಗೆ, ನಿಂತುಹೋದ 18,000ವನ್ನೂ.